ತಿರುಗಿ ಬರುವ ನೀರಿಗೆ ಒಂದು ಪಂಪು

ಥರ್ಮಾಮೀಟರಿನ ಪಾದರಸ ಇಪ್ಪತ್ತಾರೂವರೆಗೆ ನಿಂತಿತ್ತು. ಗೆರೆಗಳ ಕೆಂಪು ಬಣ್ಣ ಅಲ್ಲಲ್ಲಿ ಉದುರಿದ್ದರಿಂದ ಮುಖವನ್ನು ಗಾಜಿನ ಹತ್ತಿರ ಒಯ್ದು, ಉಸಿರು ಬಿಗಿಹಿಡಿದು ಓದಬೇಕಿತ್ತು. ಉಸಿರು ತಾಗಿದರೆ ಅದು ಅರ್ಧ ಡಿಗ್ರಿ ಏರುತ್ತಿತ್ತು. ಇಪ್ಪತ್ತೇಳಾದರೆ ಮಷೀನು ಬಂದ್ ಮಾಡಬೇಕೆಂದು ಬಾಗಿಲ ಒಳಬದಿಗೆ ಅಂಟಿಸಿದ್ದ ಹಾಳೆಯಲ್ಲಿ ಬರೆದಿತ್ತು. ಆಗ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ.

ಎಂಬತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳು. ಹತ್ತಿ ತಳಿಗಳ ಪ್ರಯೋಗ ತಾಕುಗಳಿಂದ ಬಂದ ಅಂಕಿಗಳನ್ನು ಒಟ್ಟುಗೂಡಿಸುವ ರಾಯಚೂರಿನ ಒಂದು ಸಣ್ಣ ಕಚೇರಿಯಲ್ಲಿ ನಾನು ಕೆಲಸಕ್ಕಿದ್ದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ಎರಡು ವರ್ಷವಾಗಿತ್ತು. ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಎರಡು ಕಬ್ಬಿಣದ ಅಲಮಾರಿಗಳನ್ನು ಪಕ್ಕಪಕ್ಕ ನಿಲ್ಲಿಸಿದಷ್ಟು ದೊಡ್ಡದು. ಅದಕ್ಕೆ ಸೆಕೆ ಆಗದು. ಆದ್ದರಿಂದ ಕೋಣೆಗೆ ಒಂದು ದೊಡ್ಡ ಏರ್ ಕಂಡೀಷನರ್, ಆ ಏರ್ ಕಂಡೀಷನರಿನ ಬಿಸಿಯನ್ನು ಹೊತ್ತೊಯ್ಯಲು ನೀರು. ನೀರು ಕೋಣೆಯಲ್ಲಿ ಬಿಸಿಯಾಗಿ ಹೊರಟು, ಪೈಪಿನಲ್ಲಿ ಮಾಳಿಗೆಗೆ ಏರಿ, ಮರದ ಪಟ್ಟಿಗಳ ಒಂದು ಗೂಡಿನ ತಲೆಯ ಮೇಲಿದ್ದ ತೂತುತೂತಿನ ತಟ್ಟೆಗೆ ಬೀಳುತ್ತಿತ್ತು. ಅಲ್ಲಿಂದ ಹನಿಹನಿಯಾಗಿ ಪಟ್ಟಿಗಳ ಮೇಲಿಳಿದು, ಗಾಳಿಗೆ ತಣ್ಣಗಾಗಿ, ಕೆಳಗಿನ ತೊಟ್ಟಿಯಲ್ಲಿ ಸೇರಿ, ಇನ್ನೊಂದು ಪೈಪಿನಲ್ಲಿ ಕೋಣೆಗೆ ವಾಪಸು ಬರುತ್ತಿತ್ತು. ಓಣಿಯ ಜನ ಆ ಗೂಡನ್ನು ಪಾರಿವಾಳದ ಮನೆ ಎನ್ನುತ್ತಿದ್ದರು. ನೀರನ್ನು ಹೀಗೆ ಸುತ್ತಿಸಲು ನೆಲದ ಮೇಲೆ, ಗೋಡೆಯ ಪಕ್ಕ, ಒಂದು ಪಂಪು.

ಆ ಪಂಪು ಫೆಬ್ರವರಿಯ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಗುಂಯ್‌ಗುಟ್ಟಿ ನಿಂತುಬಿಟ್ಟಿತು. ಬಿಚ್ಚಿದರೆ ವೈಂಡಿಂಗ್ ಸುಟ್ಟಿತ್ತು, ಒಳಗಿನ ಚಕ್ರವನ್ನು ನಮ್ಮೂರಿನ ಸವಳು ನೀರು ತಿಂದುಹಾಕಿತ್ತು. ಅದು ಎಷ್ಟು ಶಕ್ತಿಯದು, ಎಷ್ಟು ನೀರು ದೂಡುತ್ತಿತ್ತು ಎಂಬುದೆಲ್ಲ ಅದರ ಮೈಮೇಲಿನ ತಗಡಿನಲ್ಲಿ ಇರಬೇಕಿತ್ತು. ಆದರೆ ನಮ್ಮ ಜವಾನರು, ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು, ಪ್ರತಿ ಆಯುಧ ಪೂಜೆಗೆ ಆ ತಗಡನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ವಿಭೂತಿ ಹಚ್ಚಿ, ಕುಂಕುಮ ಇಡುತ್ತಿದ್ದರು. ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮೂಗು ಕಾಣುತ್ತಿತ್ತೇ ಹೊರತು ಒಂದು ಅಕ್ಷರವೂ ಇರಲಿಲ್ಲ.

“ಮೂರು ವರ್ಷ ತಿಕ್ಕೀನ್ರಿ,” ಎಂದರು ಕಾಕಾ. ಅದು ಹೆಮ್ಮೆಯೋ ತಪ್ಪೊಪ್ಪಿಗೆಯೋ ನನಗೆ ತಿಳಿಯಲಿಲ್ಲ. “ಅಕ್ಷರ ಇದ್ದುವು. ಇಂಗ್ಲಿಷ್‌ನ್ಯಾಗ ಇದ್ದುವು.”

ಪಂಪಿನ ಕಾಗದಗಳು ಕಡತದಲ್ಲಿ ಸಿಗಲಿಲ್ಲ. ಮುಖ್ಯ ಕಚೇರಿಗೆ ಬರೆದೆವು. ಅವರ ಬಳಿಯೂ ಇರಲಿಲ್ಲ. ತಕ್ಕ ಪಂಪನ್ನು ನಿಮ್ಮಲ್ಲಿಯೇ ಆರಿಸಿ ಜೋಡಿಸಿರಿ, ಯುಗಾದಿ ಕಳೆದ ಮೇಲೆ ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದು ನೋಡುತ್ತಾರೆ, ಆ ದಿನ ಕೋಣೆ ಇಪ್ಪತ್ತೆರಡು ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲದಿದ್ದರೆ ಮಷೀನನ್ನು ಅಗತ್ಯ ಸಿಬ್ಬಂದಿಯೊಂದಿಗೆ ಹುಬ್ಬಳ್ಳಿಗೆ ಸಾಗಿಸಲಾಗುವುದು ಎಂದು ಉತ್ತರ ಬಂತು. ಜೊತೆಗೆ ಒಂದು ಫಾರಂ. ಅದರಲ್ಲಿ ಎರಡು ಖಾನೆಗಳು: ಆರಿಸಿದ ಪಂಪು, ಆರಿಸಲು ಕಾರಣ.

ಅಗತ್ಯ ಸಿಬ್ಬಂದಿ ಎಂದರೆ ನಾನು. ನಾನು ಹುಬ್ಬಳ್ಳಿಗೆ ಹೋಗುವಂತಿರಲಿಲ್ಲ. ನಮ್ಮ ಮನೆಯಿಂದ ಕಚೇರಿಗೆ ನಡೆದರೆ ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವನ್ನು ನೋಡಿಯೇ ಅಪ್ಪ ಕೆಲಸಕ್ಕೆ ಒಪ್ಪಿದ್ದರು. ಮಷೀನು ಹೋದರೆ ನನ್ನ ಕೆಲಸವೂ ಹೋಗುತ್ತದೆ, ನಾನು ಮನೆಯಲ್ಲಿ ಕೂರುತ್ತೇನೆ. ಆಮೇಲೆ ಗಂಡು ನೋಡುವ ಮಾತನ್ನು ಅಮ್ಮ ಆಗಲೇ ಮೂವರು ಬಂಧುಗಳಿಗೆ ಹೇಳಿಟ್ಟಿದ್ದಳು. ಕಚೇರಿಯಲ್ಲಿ ನಾನು ಮನೆಯ ವಿಷಯ ಹೇಳಲಿಲ್ಲ, ಮನೆಯಲ್ಲಿ ಪಂಪಿನ ವಿಷಯ ಹೇಳಲಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ, ಬಿಸಿಲು ಏರುವ ತನಕ ಎರಡು ತಾಸು ಮಷೀನು ನಡೆಸಿ, ಮುಚ್ಚುತ್ತಿದ್ದೆ.

“ನೀವು ಗಣಿತ ಓದಿದವ್ರು, ನೀವ ಆರಿಸ್ರಿ,” ಎಂದು ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರು ಫಾರಮ್ಮನ್ನು ನನ್ನ ಮೇಜಿನ ಮೇಲಿಟ್ಟರು.

“ಸರ್, ನಾ ಓದಿದ್ದು ಸಂಖ್ಯಾಶಾಸ್ತ್ರ.”

“ಪಂಪಿಗೂ ಸಂಖ್ಯಾನ ಇರ್ತಾವಲ್ಲ. ಎಷ್ಟು ಎಚ್‌ಪಿ, ಎಷ್ಟು ಇಂಚು, ಎಷ್ಟು ಫೂಟು. ಮತ್ತೇನದ ಅದರಾಗ?”

ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ಟುಗಳ ಅಂಗಡಿ ಒಂದಿತ್ತು. ಹೆಂಗಸರು ಹೋಗುವ ಅಂಗಡಿಯಲ್ಲ. ಬೆಂಚಿನ ಮೇಲೆ ಇಬ್ಬರು ರೈತರು ಕುಳಿತಿದ್ದರು, ನನ್ನನ್ನು ನೋಡಿ ಸರಿದು ಜಾಗ ಮಾಡಿದರು. ನಾನು ನಿಂತೇ ಇದ್ದೆ. ಅಂಗಡಿಯವರು ಪೆನ್ನು ತೆಗೆದರು.

“ಎಷ್ಟು ಫೂಟಿನ ಬಾವಿ ಅದ್ರಿ ಅಕ್ಕಾರ?”

“ಬಾವಿ ಇಲ್ರಿ.”

“ಬೋರು?”

“ಬೋರೂ ಇಲ್ಲ.”

“ಹಳ್ಳದಿಂದ ಎತ್ತತೀರೇನು?”

“ಇಲ್ರಿ. ನೀರು ಪೈಪಿನಾಗ ಇರ್ತದ.”

ಅವರು ಪೆನ್ನು ಕೆಳಗಿಟ್ಟರು. “ಪೈಪಿಗೆ ಎಲ್ಲಿಂದ ಬರ್ತದ?”

“ಮಾಳಿಗಿ ಮ್ಯಾಲಿಂದ.”

“ಎಲ್ಲಿಗೆ ಹೋಗ್ತದ?”

“ಮಾಳಿಗಿ ಮ್ಯಾಗ.”

ಬೆಂಚಿನ ಮೇಲಿದ್ದ ಒಬ್ಬ ರೈತ ಬಹಳ ಮರ್ಯಾದೆಯಿಂದ ಕೇಳಿದ, “ಹಂಗಾರ ಪಂಪ್ ಯಾಕ ಬೇಕ್ರೀ ಅಕ್ಕಾರ? ನೀರು ಅಲ್ಲೇ ಅದಲ್ಲ?”

ಇನ್ನೊಬ್ಬ ಅವನ ಮೊಣಕಾಲಿಗೆ ತಟ್ಟಿದ. “ಸುಮ್ಮನಿರಲೇ. ಓದಿದವ್ರ ನೀರು, ಎಲ್ಲಿಗೂ ಹೋಗಂಗಿಲ್ಲ.”

ನನಗೆ ನಗು ಬರಲಿಲ್ಲ. ಅವನ ಪ್ರಶ್ನೆ ನನ್ನದೂ ಆಗಿತ್ತು. ನಮ್ಮ ಕಡೆ ಪಂಪೆಂದರೆ ಆಳದಿಂದ ನೀರು ಮೇಲೆತ್ತುವುದು. ಎತ್ತಿದ ನೀರು ಹೊಲಕ್ಕೆ ಹೋಗುತ್ತದೆ, ಮುಗಿಯುತ್ತದೆ. ಎಷ್ಟು ಆಳ ಎಂಬುದೇ ಮೊದಲ ಪ್ರಶ್ನೆ, ಉಳಿದದ್ದೆಲ್ಲ ಅದರ ಬೆನ್ನಿಗೆ ಬರುತ್ತದೆ. ನನ್ನ ಬಳಿ ಆಳವೇ ಇರಲಿಲ್ಲ. ಅಂಗಡಿಯವರು ಅರ್ಧ ಎಚ್‌ಪಿಯಿಂದ ಐದು ಎಚ್‌ಪಿಯ ತನಕ ಸಾಲಾಗಿ ತೋರಿಸಿ, “ಆಳ ಹೇಳಿದ್ರ ಪಂಪ್ ಹೇಳ್ತೀನಿ,” ಎಂದು ಕಳಿಸಿಕೊಟ್ಟರು.

ಆಳದ ಬದಲು ಎತ್ತರ ಅಳೆಯೋಣ ಎಂದುಕೊಂಡೆ. ಕಾಕಾ ಮಾಳಿಗೆಯಿಂದ ಹಗ್ಗ ಇಳಿಬಿಟ್ಟರು, ನಾನು ಟೇಪು ಹಿಡಿದೆ. ಪಂಪಿನಿಂದ ಗೂಡಿನ ತಟ್ಟೆಯವರೆಗೆ ಇಪ್ಪತ್ತಾರು ಅಡಿ. ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಹಾಕಿದೆ. ಸಂಜೆ ಮತ್ತೆ ತೆರೆದಾಗ ಅನುಮಾನ ಬಂತು. ತೊಟ್ಟಿಯೂ ಮಾಳಿಗೆಯ ಮೇಲೆಯೇ ಇದೆ. ಅಲ್ಲಿಂದ ನೀರು ತಾನಾಗಿ ಕೆಳಗಿಳಿದು ಬಂದು ಪಂಪನ್ನು ಒತ್ತುತ್ತದೆ. ಇಳಿಯುವ ನೀರು ಏರುವ ನೀರಿಗೆ ಸಹಾಯ ಮಾಡುತ್ತದೆಯೇ? ಮಾಡಿದರೆ ಪಂಪು ಎತ್ತಬೇಕಾದದ್ದು ತೊಟ್ಟಿಯಿಂದ ತಟ್ಟೆಯವರೆಗಿನ ಏಳು ಅಡಿ ಮಾತ್ರ. ಮಾಡದಿದ್ದರೆ ಇಪ್ಪತ್ತಾರು. ಪಿ.ಯು.ಸಿ.ಯ ಭೌತಶಾಸ್ತ್ರದಲ್ಲಿ ಬಾಗಿದ ಗಾಜಿನ ಕೊಳವೆಯ ಚಿತ್ರವಿತ್ತು, ಎರಡೂ ತೋಳಿನಲ್ಲಿ ನೀರು ಸಮನಾಗಿ ನಿಲ್ಲುತ್ತದೆ ಎಂದಿತ್ತು. ಆದರೆ ಅಲ್ಲಿ ನೀರು ನಿಂತಿತ್ತು, ಇಲ್ಲಿ ಓಡುತ್ತದೆ. ಇಪ್ಪತ್ತಾರರ ಕೆಳಗೆ ಏಳು ಎಂದು ಬರೆದು, ಎರಡರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ನಂತರ ಓಡುವಾಗ ಪೈಪಿನ ಒಳಮೈ ನೀರನ್ನು ತಡೆಯುತ್ತದಲ್ಲ ಎಂದು ಹೊಳೆದು, ಅದಕ್ಕೆ ಯಾವ ಅಂಕಿ ಹಾಕಬೇಕೋ ತಿಳಿಯದೆ ಪುಸ್ತಕ ಮುಚ್ಚಿದೆ.

ಭಾನುವಾರ, ಅತ್ತೆಯನ್ನು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ, ಮಸರಕಲ್ಲಿಗೆ ಹೋದೆ. ಅಲ್ಲಿ ನನ್ನ ಸೋದರಮಾವನಿಗೆ ಕುರಿ, ಹೊಲ ಎರಡೂ ಇದ್ದವು, ಸುತ್ತಿನ ಊರುಗಳಲ್ಲಿ ಪಂಪು ಕೊಳ್ಳುವವರು ಅವನನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಗಬ್ಬೂರಿನಲ್ಲಿ ಬಸ್ಸು ಅರ್ಧ ತಾಸು ನಿಂತಿದ್ದರಿಂದ ಮುಟ್ಟುವಾಗ ಹನ್ನೊಂದಾಗಿತ್ತು.

“ಪಂಪಿನ ಮಾತಾ?” ಎಂದ ಮಾವ. “ಅದಕ್ಕ ಇಷ್ಟು ಓದಬೇಕೇನು? ಕುಂದ್ರು ಯವ್ವಾ, ಹೇಳ್ತೀನಿ.”

“ಆಕಿನ್ನೂ ನೀರು ಕುಡದಿಲ್ಲ, ನಿಂದು ಪಂಪ್ ಶುರುವಾತು,” ಎಂದಳು ಅತ್ತೆ.

ಮಾವನ ಹಳೆಯದೊಂದು ಮೂರು ಎಚ್‌ಪಿ ಪಂಪು ದೇವದುರ್ಗದಲ್ಲಿ ಒಬ್ಬ ಫಿಟ್ಟರಿನ ಬಳಿ ರಿಪೇರಿಯಾಗಿ ಕುಳಿತಿತ್ತು. ಊಟವಾದ ಮೇಲೆ ಅಲ್ಲಿಗೆ ಕರೆದೊಯ್ದ. ಫಿಟ್ಟರು ಅಂಗಳದ ತೊಟ್ಟಿಗೆ ಪಂಪು ಹಚ್ಚಿ ಚಾಲೂ ಮಾಡಿದ. ನಾನು ಪಂಪನ್ನು ನೋಡುತ್ತಿದ್ದೆ.

“ಪಂಪ್ ನೋಡಬ್ಯಾಡ,” ಎಂದ ಮಾವ. “ನೀರು ಎಲ್ಲಿ ಬೀಳ್ತದ ಅದನ್ನ ನೋಡು.”

ಅವನು ಪೈಪಿನ ಬಾಯಿಯ ಕೆಳಗೆ ನಿಂತು, ನೀರು ನೆಲಕ್ಕೆ ಬೀಳುವ ಕಡೆಗೆ ಹೆಜ್ಜೆಗೆ ಹೆಜ್ಜೆ ಜೋಡಿಸುತ್ತ ನಡೆದ. ಧೋತರದ ಚುಂಗು ತೊಯ್ದಿತು. “ಏಳು ಹೆಜ್ಜಿ. ಐದರ ಮ್ಯಾಲ ಬಿದ್ರ ಕಣ್ಣು ಮುಚ್ಚಿ ತಗೋಬೇಕು. ನಮ್ಮಪ್ಪ ಹಂಗ ತಗೊಂಡ, ನಾ ಹಂಗ ತಗೊಂಡೆ.”

“ಮಾವಾ, ನಮಗ ನೀರು ದೂರ ಹೋಗೂದು ಬ್ಯಾಡ. ತಿರುಗಿ ಬರಬೇಕು.”

ಅವನು ಧೋತರದ ಚುಂಗು ಹಿಂಡಿದ. “ಏಳು ಹೆಜ್ಜಿ ಹೋಗಾಕ ತಾಕತ್ತು ಇದ್ದದ್ದಕ್ಕ ತಿರುಗಿ ಬರಾಕ ತಾಕತ್ತು ಇರಂಗಿಲ್ಲೇನು?”

ಈ ಮಾತಿನಲ್ಲಿ ಎಲ್ಲೋ ತಪ್ಪಿದೆ ಎಂದು ನನಗನಿಸಿತು. ಎಲ್ಲಿ ಎಂದು ತೋರಿಸಲಾಗಲಿಲ್ಲ.

“ಸಣ್ಣ ಪಂಪ್ ತಗೊಂಡು ಅತ್ತವರನ್ನ ಕಂಡೀನಿ,” ಎಂದ ಮಾವ. “ದೊಡ್ಡದು ತಗೊಂಡು ಅತ್ತವರನ್ನ ಇನ್ನೂ ಕಂಡಿಲ್ಲ. ಇದನ್ನ ಒಯ್ಯಿ. ಹಚ್ಚಿ ನೋಡು. ಬರೋಬ್ಬರಿ ಆದ್ರ ಇಂಥದ್ದ ಹೊಸದು ತಗೋರಿ.”

ಬುಧವಾರ ಶೇಂಗಾ ಚೀಲ ಹೇರಿದ ಲಾರಿಯೊಂದರಲ್ಲಿ ಪಂಪು ರಾಯಚೂರಿಗೆ ಬಂತು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದ್ದಳು. ಜೋಡಿಸುವುದಕ್ಕೆ ಒಂದು ದಿನ ಹಿಡಿಯಿತು. ಮರುದಿನ ಕಾಕಾ ತೆಂಗಿನಕಾಯಿ ಒಡೆದರು, ಸಾಹೇಬರು ಸ್ವಿಚ್ಚು ಹಾಕಿದರು, ಮತ್ತು ಕಚೇರಿಯವರೆಲ್ಲ, ಟೈಪಿಸ್ಟರು ಸಹ, ಮಾಳಿಗೆ ಹತ್ತಿದರು. ಪಂಪು ಚಾಲೂ ಮಾಡಿದರೆ ನೀರಿನ ಬಾಯಿಗೆ ಹೋಗಿ ನಿಲ್ಲುವುದು ನಮ್ಮ ಕಡೆಯ ರೂಢಿ. ಕೋಣೆಯಲ್ಲಿ ಉಳಿದವಳು ನಾನೊಬ್ಬಳೇ.

ಮೇಲಿನಿಂದ ಕೇಕೆ ಕೇಳಿಸಿತು. ಕಿಟಕಿಯ ಆಚೆ ನೀರು ಧೋ ಎಂದು ಸುರಿಯತೊಡಗಿತು. ಮೂರು ಎಚ್‌ಪಿಯ ನೀರು ತೂತಿನ ತಟ್ಟೆಯಲ್ಲಿ ಹಿಡಿಸದೆ ಅಂಚು ದಾಟಿ, ಗೂಡನ್ನು ಬಿಟ್ಟು ಹೊರಗೆ ಹಾರಿ, ಮಾಳಿಗೆಯ ಕಟ್ಟೆಯ ಮೇಲಿಂದ ರಸ್ತೆಗೆ ಬೀಳುತ್ತಿತ್ತು. ಕೆಳಗೆ ಯಾರೋ ಬಿಂದಿಗೆ ತಂದಿಟ್ಟರು.

“ಏನ್ ನೀರ್ರೀ ಮೇಡಂ,” ಎಂದು ಸಾಹೇಬರು ಒದ್ದೆ ತಲೆಯಲ್ಲಿ ಇಳಿದು ಬಂದರು. “ಪಂಪ್ ಅಂದ್ರ ಇದು. ಬರೀರಿ ಫಾರಂನ್ಯಾಗ.”

ಏರ್ ಕಂಡೀಷನರು ಹತ್ತು ನಿಮಿಷ ತಂಪು ಬಿಟ್ಟು, ಆಮೇಲೆ ಬಿಸಿಗಾಳಿ ಬಿಟ್ಟು, ಟಪ್ಪೆಂದು ನಿಂತಿತು. ಮಾಳಿಗೆಗೆ ಹೋಗಿ ನೋಡಿದೆ. ತೊಟ್ಟಿ ಬರಿದಾಗಿತ್ತು. ಇದ್ದ ನೀರೆಲ್ಲ ಹೊರಗೆ ಹೋಗಿತ್ತು, ನಲ್ಲಿ ಬರುವುದು ನಾಳೆ. ಪಂಪು ಗಾಳಿ ಎಳೆಯುತ್ತ ಗೊರಗೊರ ಅನ್ನುತ್ತಿತ್ತು. ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ, ಎಲ್ಲರೂ ಕಣ್ಣಾರೆ ನೋಡಿದ್ದರು. ಕೋಣೆ ಇಪ್ಪತ್ತೊಂಬತ್ತಾಗಿತ್ತು. ತಪ್ಪು ಪಂಪಿನದೋ ತಟ್ಟೆಯದೋ ನಲ್ಲಿಯದೋ ಎಂದು ಸಾಹೇಬರು ನನ್ನನ್ನೇ ಕೇಳಿದರು. ಪಂಪು ಬಹಳ ಚೆನ್ನಾಗಿದೆ, ಊರಿಗೆಲ್ಲ ಕಾಣಿಸಿತು ಎಂದು ಮಾವನಿಗೆ ಪತ್ರ ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಾನ್ವಿಗೆ ನಾನು ಹೋದದ್ದು ಪಂಪಿಗಾಗಿ ಅಲ್ಲ. ಅಲ್ಲಿನ ಪ್ರಯೋಗ ತಾಕುಗಳ ಹಾಳೆಗಳನ್ನು ತರಬೇಕಿತ್ತು. ಕಟ್ಟು ಕೈಗೆ ಬಂದಾಗ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ನಿಲ್ದಾಣದ ಕಡೆಗೆ ನಡೆಯುವ ದಾರಿಯಲ್ಲಿ ಒಂದು ಅಕ್ಕಿ ಗಿರಣಿ. ಒಳಗೆ ಡೀಸೆಲ್ ಎಂಜಿನ್ನು ದುಡುದುಡು ಎನ್ನುತ್ತಿತ್ತು, ಹೊರಗೆ ಸಿಮೆಂಟಿನ ತೊಟ್ಟಿಯೊಂದಕ್ಕೆ ಗೋಡೆಯಿಂದ ಬಂದ ಪೈಪಿನಿಂದ ನೀರು ಬೀಳುತ್ತಿತ್ತು. ಜೋರಾಗಿ ಅಲ್ಲ, ತಂಬಿಗೆಯಿಂದ ಕೈಗೆ ನೀರು ಹಾಕಿದ ಹಾಗೆ. ತೊಟ್ಟಿಯ ತಳದಿಂದ ಇನ್ನೊಂದು ಪೈಪು ಗೋಡೆಯೊಳಗೆ ಹೋಗಿತ್ತು. ತೊಟ್ಟಿ ತುಂಬುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ನಾನು ಎಷ್ಟು ಹೊತ್ತು ನಿಂತಿದ್ದೆನೋ, ಎಂಜಿನ್ನು ನೋಡಿಕೊಳ್ಳುವ ಮಿಸ್ತ್ರಿ ಕೈಯ ಎಣ್ಣೆ ಒರೆಸುತ್ತ ಹೊರಗೆ ಬಂದರು. ಅರವತ್ತರ ಹತ್ತಿರದ ಮುಸಲ್ಮಾನರು, ಬಿಳಿ ಗಡ್ಡದ ತುದಿಯೂ ಎಣ್ಣೆಯಾಗಿತ್ತು.

“ಯಾರು ಬೇಕು ಬೇಟಿ?”

“ಯಾರೂ ಬ್ಯಾಡ್ರಿ. ಈ ನೀರು ಎಲ್ಲಿಗೆ ಹೋಗ್ತದ?”

“ಎಲ್ಲಿಗೂ ಹೋಗಲ್ಲ. ಇಂಜನ್ ಒಳಗ ಹೋಗ್ತದ, ಗರಂ ಆಗ್ತದ, ಇಲ್ಲಿ ಬೀಳ್ತದ, ಥಂಡಾ ಆಗ್ತದ, ಮತ್ತ ಹೋಗ್ತದ. ಬೆಳಗಿಂದ ಸಂಜಿತನಕ ಅದೇ ನೀರು.”

ಹಾಗೆ ಹೇಳುವಾಗ ಅವರು ನಗಲಿಲ್ಲ. ಒಂದು ತಿಂಗಳಲ್ಲಿ ಈ ಮಾತನ್ನು ನಗದೆ ಆಡಿದ ಮೊದಲ ಮನುಷ್ಯ ಅವರು. ನನ್ನ ಸ್ವಭಾವಕ್ಕೆ ವಿರುದ್ಧವಾಗಿ ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ, ಮನೆಯ ವಿಷಯ ಒಂದನ್ನು ಬಿಟ್ಟು.

“ಕಂಪ್ಯೂಟರ್ ಅಂದ್ರ ಏನು ಮಾಡ್ತದ ಅದು?”

“ಕೂಡಸ್ತದ, ಕಳೀತದ, ನೆನಪಿಟ್ಕೊಂತದ.”

“ಗರಂ ಆಗ್ತದ?”

“ಆಗ್ತದ್ರಿ.”

“ಹಂಗಾರ ಇಂಜನ್ನೇ,” ಎಂದರು. ನಂತರ ಮಾವನ ಪಂಪಿನ ಬಗ್ಗೆ ಕೇಳಿ ತಲೆಯಾಡಿಸಿದರು. “ಮೂರು ಎಚ್‌ಪಿ ನಕ್ಕೋ ಬೇಟಿ, ಬ್ಯಾಡ. ನಮ್ಮ ಸೇಠ್‌ನೂ ದೊಡ್ಡದು ತಂದಿದ್ದ. ನೀರು ಓಡಿ ಹೋಗಿ ಓಡಿ ಬರ್ತಿತ್ತು. ಇಂಜನ್ ಗರಂ ಅದ ಅಂತ ಅದಕ್ಕ ಗೊತ್ತೇ ಆಗ್ತಿದ್ದಿಲ್ಲ. ನೀರಿಗೆ 'ಕೈಸೆ ಹೋ, ಹೆಂಗಿದ್ದಿ' ಅಂತ ಕೇಳಾಕರ ಟೈಂ ಬೇಕಲ್ಲ?”

ಇದು ಸರಿ ಇರಲಾರದು ಎಂದು ನನಗೆ ಅನಿಸಿತು. ಹೆಚ್ಚು ನೀರು ಹರಿದರೆ ಹೆಚ್ಚು ಬಿಸಿ ಹೋಗಬೇಕು, ನನಗೆ ಗೊತ್ತಿದ್ದ ಭೌತಶಾಸ್ತ್ರ ಅಷ್ಟನ್ನು ಹೇಳುತ್ತಿತ್ತು. ಆದರೆ ಅವರ ಎಂಜಿನ್ನು ಓಡುತ್ತಿತ್ತು, ನಮ್ಮ ಮಷೀನು ನಿಂತಿತ್ತು.

“ಎಷ್ಟು ನೀರು ಬೇಕು ಅಂತ ಹೆಂಗ ಗೊತ್ತು ಮಾಡ್ತೀರಿ?”

ಅವರು ನನ್ನನ್ನು ಗೋಡೆಯ ಬಳಿ ಕರೆದು, ಎಂಜಿನ್ನಿನಿಂದ ಹೊರಬರುವ ಪೈಪನ್ನು ತೋರಿಸಿದರು. “ಕೈ ಇಡು. ಬಿಸ್ಮಿಲ್ಲಾ ಅನ್ನು, ಹತ್ತು ಎಣಿಸು.”

ಹಾಳೆಗಳ ಕಟ್ಟನ್ನು ಕಂಕುಳಲ್ಲಿ ಹಿಡಿದು ಅಂಗೈ ಇಟ್ಟೆ. ಒಂಬತ್ತಕ್ಕೆ ತೆಗೆದೆ.

“ಎಷ್ಟಕ್ಕ ತೆಗೀಬೇಕು ಅನಿಸ್ತು?”

“ಒಂಬತ್ತಕ್ಕ.”

“ಬರೋಬ್ಬರ್. ಐದಕ್ಕ ಅನಿಸಿದ್ರ ನೀರು ಕಮ್ಮಿ, ವಾಲ್ ಬಿಚ್ಚು. ಹತ್ತಾದ್ರೂ ಅನಿಸಲಿಲ್ಲಾಂದ್ರ ನೀರು ಜಾಸ್ತಿ, ವಾಲ್ ಕಟ್ಟು.” ಪೈಪಿನ ಮೇಲಿದ್ದ ಚಕ್ರದ ವಾಲ್ವನ್ನು ಎರಡು ಬೆರಳಿನಲ್ಲಿ ತಿರುಗಿಸಿ ತೋರಿಸಿದರು. “ಸಣ್ಣ ಪಂಪ್ ತಗೋ, ಒಂದು ವಾಲ್ ಹಾಕು. ಮುಗೀತು.”

“ಎಷ್ಟು ಎಚ್‌ಪಿ?”

“ಯಾರಿಗೆ ಗೊತ್ತು. ಸಣ್ಣದು.”

ಬಸ್ಸಿನಲ್ಲಿ ನೋಟ್‌ಬುಕ್ಕು ತೆರೆದೆ. ಇಪ್ಪತ್ತಾರು, ಏಳು, ಮಾವನ ಏಳು ಹೆಜ್ಜೆ, ಮಿಸ್ತ್ರಿಯವರ ಒಂಬತ್ತು ಎಣಿಕೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ. ಯಾವ ಸಮೀಕರಣದಲ್ಲೂ ಈ ನಾಲ್ಕನ್ನು ಒಟ್ಟಿಗೆ ಕೂರಿಸಲು ಬರುವಂತಿರಲಿಲ್ಲ. ಎಂಜಿನಿಯರ್ ಬರಲು ಒಂಬತ್ತು ದಿನ ಉಳಿದಿತ್ತು.

ಮರುದಿನ ಅಂಗಡಿಗೆ ಹೋಗಿ ಅರ್ಧ ಎಚ್‌ಪಿ ಕೇಳಿದೆ.

“ಅದು ಮನಿ ಟಾಕಿಗೆ ಹಾಕೂದ್ರಿ ಅಕ್ಕಾರ,” ಎಂದರು ಅಂಗಡಿಯವರು. “ಸರ್ಕಾರಿ ಮಷೀನಿಗೆ ಇದನ್ನ ಹಾಕಿದ್ರ ಜನ ನಗ್ತಾರ.”

“ನಗಲಿ ಬಿಡ್ರಿ.” ನನ್ನ ಧ್ವನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಕುಂಬಳಕಾಯಿ ಗಾತ್ರದ ಆ ಪಂಪನ್ನು ಒಮ್ಮೆ ನೋಡಿ ಸಾಹೇಬರು ತಮ್ಮ ಮೇಜಿಗೆ ಹಿಂತಿರುಗಿದರು. ಈ ಸಲ ಯಾರೂ ಮಾಳಿಗೆ ಹತ್ತಲಿಲ್ಲ. ವಾಲ್ವನ್ನು ಮೇಲೆ, ತಟ್ಟೆಯ ಸ್ವಲ್ಪ ಮುಂಚೆ ಹಾಕಿಸಿದ್ದೆ. ಪೂರ್ತಿ ಬಿಚ್ಚಿದರೆ ಈ ಸಣ್ಣ ಪಂಪಿನ ನೀರೂ ತಟ್ಟೆಯ ಅಂಚು ದಾಟುತ್ತಿತ್ತು. ಅದು ನನಗೆ ಆಶ್ಚರ್ಯ. ಹಾಗಾದರೆ ಇಪ್ಪತ್ತಾರು ಅಡಿ ಎಲ್ಲಿ ಹೋಯಿತು? ಮಿಸ್ತ್ರಿಯವರು ಹೇಳಿದಂತೆ ಏರುವ ಪೈಪಿನ ಮೇಲೆ ಕೈ ಇಟ್ಟು ಎಣಿಸಿದೆ. ಹತ್ತು, ಇಪ್ಪತ್ತು, ಮೂವತ್ತು. ಕೈ ತೆಗೆಯಬೇಕೆಂದು ಅನಿಸಲೇ ಇಲ್ಲ. ನಮ್ಮ ನೀರು ಎಂಜಿನ್ನಿನ ನೀರಿನಷ್ಟು ಬಿಸಿಯಲ್ಲ. ಕೊನೆಗೆ ಒಂದು ಕೈಯನ್ನು ಏರುವ ಪೈಪಿನ ಮೇಲೂ ಇನ್ನೊಂದನ್ನು ಇಳಿಯುವ ಪೈಪಿನ ಮೇಲೂ ಇಟ್ಟು, ಎರಡಕ್ಕೂ ಫರಕು ಚೆನ್ನಾಗಿ ತಿಳಿಯುವ ತನಕ ವಾಲ್ವನ್ನು ಕಟ್ಟುತ್ತ ಬಂದೆ. ಒಂದು ಹಂತದಲ್ಲಿ ತಟ್ಟೆ ಅಂಚಿನವರೆಗೆ ತುಂಬಿ, ದಾಟದೆ ನಿಂತಿತು. ಅಲ್ಲಿಗೆ ಬಿಟ್ಟೆ. ಚಕ್ರ ಎಷ್ಟು ಸುತ್ತು ತಿರುಗಿತೆಂದು ಬರೆದಿಡಲಿಲ್ಲ. ಎಲ್ಲವನ್ನೂ ಬರೆದಿಡುವವಳು ಅದೊಂದನ್ನು ಯಾಕೆ ಬಿಟ್ಟೆನೋ ಇವತ್ತಿಗೂ ತಿಳಿಯದು. ಸಂಜೆಯ ಹೊತ್ತಿಗೆ ಕೋಣೆ ಇಪ್ಪತ್ತೆರಡಕ್ಕೆ ಇಳಿಯಿತು. ಎಂಜಿನಿಯರ್ ಬರುವ ದಿನದವರೆಗೂ ಅಲ್ಲೇ ಇತ್ತು.

ಎಂಜಿನಿಯರ್ ಹನ್ನೊಂದು ಗಂಟೆಗೆ ಬಂದರು. ಕನ್ನಡಕದ, ಮಿತಭಾಷಿ ಮನುಷ್ಯ. ಇಪ್ಪತ್ತೆರಡು ಎಂದು ಬರೆದುಕೊಂಡು ಮಷೀನಿನ ಮುಂದೆ ಕುಳಿತರು. ಹನ್ನೆರಡಕ್ಕೆ ಇಪ್ಪತ್ತೆರಡು. ಒಂದಕ್ಕೆ ಇಪ್ಪತ್ತೆರಡು. ಅವರು ಊಟ ಮುಗಿಸಿ ಬಂದು ಮತ್ತೆ ಕುಳಿತಾಗ ನಾನು ಥರ್ಮಾಮೀಟರು ನೋಡಿದೆ. ಇಪ್ಪತ್ತಮೂರೂವರೆ. ಸ್ವಲ್ಪ ಹೊತ್ತಿಗೆ ಇಪ್ಪತ್ತನಾಲ್ಕು. ಏರ್ ಕಂಡೀಷನರಿನ ಸದ್ದು ಬದಲಾಗಿತ್ತು. ಕಿಟಕಿಯ ಆಚೆ ನೀರು ಬೀಳುವ ಶಬ್ದ.

ಹೊರಗೆ ಸಾಹೇಬರು ಎದುರಾದರು. “ಇಂಜಿನಿಯರ್ ಮಾಳಗಿ ನೋಡಾಕ ಬಂದ್ರ ನೀರು ಜೋರು ಕಾಣ್ಲಿ ಅಂತ ಕಾಕಾಗ ಹೇಳೀನಿ,” ಎಂದು ಮೆಲ್ಲಗೆ ಹೇಳಿದರು.

ನಾನು ಮೆಟ್ಟಿಲು ಹತ್ತಿದೆ. ಕಾಕಾ ವಾಲ್ವಿನ ಪಕ್ಕ ಕೈಕಟ್ಟಿ ನಿಂತಿದ್ದರು. ನೀರು ತಟ್ಟೆಯ ನಾಲ್ಕೂ ಕಡೆ ದಾಟಿ ಹೋಗುತ್ತಿತ್ತು. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ನೋಡುತ್ತಿದ್ದಳು.

“ಪೂರ್ತಿ ಬಿಚ್ಚೀನ್ರಿ,” ಎಂದರು ಕಾಕಾ. “ಸಣ್ಣದಿದ್ರೂ ಮಾನ ಉಳಿಸ್ತು ನೋಡ್ರಿ ಪಂಪು.”

ತೊಟ್ಟಿಯಲ್ಲಿ ಗೇಣು ನೀರು ಉಳಿದಿತ್ತು. “ಕಾಕಾ, ಆ ಮೂಲ್ಯಾಗ ತುಂಬಿಟ್ಟ ಡ್ರಮ್ಮಿನ ನೀರು ಹಾಕ್ರಿ. ಇದ್ದಷ್ಟೂ ಹಾಕ್ರಿ,” ಎಂದೆ. ನನ್ನ ಮುಖ ನೋಡಿ ಅವರು ಏಕೆಂದು ಕೇಳದೆ ಕೊಡ ಎತ್ತಿದರು. ನಾನು ವಾಲ್ವನ್ನು ಪೂರ್ತಿ ಕಟ್ಟಿ, ಸ್ವಲ್ಪಸ್ವಲ್ಪವಾಗಿ ಬಿಚ್ಚತೊಡಗಿದೆ. ಬಿಸಿಗಾಳಿಗೆ ತಟ್ಟೆಯ ನೀರು ತುಳುಕುತ್ತಿದ್ದುದರಿಂದ ಅಂಚು ನೋಡಿ ಅಳತೆ ಹೇಳುವಂತಿರಲಿಲ್ಲ. ಎರಡು ಪೈಪುಗಳ ಮೇಲೆ ಎರಡು ಕೈ ಇಟ್ಟೆ, ಇಟ್ಟ ಕೂಡಲೇ ತೆಗೆದೆ. ಮಧ್ಯಾಹ್ನ ಎರಡೂವರೆಯ ಬಿಸಿಲಿಗೆ ಪೈಪುಗಳೆರಡೂ ಹಂಚಿನಂತೆ ಕಾದಿದ್ದವು. ಒಳಗಿನ ನೀರಿನ ಸುದ್ದಿ ಕೈಗೆ ತಲುಪುವಂತಿರಲಿಲ್ಲ. ಗೂಡಿನ ಅಡಿಗೆ ನೆರಳಿದ್ದ ಕಡೆ ಮೊಣಕಾಲೂರಿ ಹಿಡಿದು ನೋಡಿದೆ. ಅಲ್ಲಿ ಏರುವ ಪೈಪು ಬಿಸಿ ಎನಿಸಿತು, ಮರುಕ್ಷಣ ತಂಪೆನಿಸಿತು. ಯಾವುದು ಪೈಪಿನದು, ಯಾವುದು ನನ್ನ ಅಂಗೈಯದು? ಹತ್ತು ಎಣಿಸಿದೆ. ಏನೂ ತಿಳಿಯಲಿಲ್ಲ. ಕೊನೆಗೆ ಬರೀ ಅಂದಾಜಿನ ಮೇಲೆ ಕಾಲು ಸುತ್ತು ಕಟ್ಟಿ ಕೈಬಿಟ್ಟೆ. ಈಗ ಹೋದರೆ ಹೋಯಿತು ಎಂದುಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು ಕೆಳಗಿಳಿದೆ.

ಇಪ್ಪತ್ತನಾಲ್ಕೂವರೆ. ಎಂಜಿನಿಯರ್ ತಲೆಯೆತ್ತಿ ಥರ್ಮಾಮೀಟರನ್ನೂ ನನ್ನನ್ನೂ ನೋಡಿ, ಬರೆದುಕೊಂಡರು. ಮೂರು ಗಂಟೆಗೆ ಇಪ್ಪತ್ತನಾಲ್ಕು. ಮೂರೂಕಾಲಿಗೆ ಇಪ್ಪತ್ತಮೂರು. ನಾಲ್ಕಕ್ಕೆ ಇಪ್ಪತ್ತೆರಡೂವರೆ, ಮತ್ತೆ ಕದಲಲಿಲ್ಲ. ಅದು ನನ್ನ ಕಾಲು ಸುತ್ತಿನಿಂದಲೋ, ಕಾಕಾ ಸುರಿದ ಕೊಡಗಳಿಂದಲೋ, ಅಥವಾ ಬಿಸಿಲು ಕಟ್ಟಡದ ಆಚೆ ಬದಿಗೆ ಸರಿದದ್ದರಿಂದಲೋ ನಾನು ಹೇಳಲಾರೆ.

“ನಿಮಿಷಕ್ಕ ಎಷ್ಟು ನೀರು ಹರೀತದ?” ಎಂದು ಕೇಳಿದರು ಎಂಜಿನಿಯರ್.

“ಗೊತ್ತಿಲ್ಲ ಸರ್.”

“ಪಂಪ್ ಯಾವ ಆಧಾರದ ಮ್ಯಾಲ ಆರಿಸಿದ್ರಿ?”

ನೋಟ್‌ಬುಕ್ಕು ಕೊಟ್ಟೆ. ಅವರು ಪುಟ ತಿರುವಿ, ಇಪ್ಪತ್ತಾರು ಮತ್ತು ಏಳರ ಮೇಲೆ ಬೆರಳಿಟ್ಟರು. “ಇವೆರಡರಾಗ ಯಾವುದು ಖರೆ?”

“ಅದನ್ನ ನಿಮ್ಮನ್ನ ಕೇಳಬೇಕಂತಿದ್ದೆ ಸರ್.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಮಷೀನಿನವ. ನೀರಿನ ಮಾತು ನನಗೂ ತಿಳಿಯಂಗಿಲ್ಲ.” ನಂತರ ತಮ್ಮ ಹಾಳೆಯಲ್ಲಿ, ಮಷೀನು ರಾಯಚೂರಿನಲ್ಲಿಯೇ ಇರಬಹುದು, ಎರಡು ತಾಸಿಗೊಮ್ಮೆ ಉಷ್ಣತೆ ಬರೆದಿಡತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಸಾಹೇಬರು ಚಹಾ ತರಿಸಿದರು. ಫಾರಮ್ಮಿನ ಮೊದಲ ಖಾನೆಯಲ್ಲಿ ನಾನು ಅರ್ಧ ಎಚ್‌ಪಿ ಎಂದು ತುಂಬಿದೆ. ಕಾರಣದ ಖಾನೆಯಲ್ಲಿ ಬಹಳ ಹೊತ್ತು ಪೆನ್ನು ಹಿಡಿದು, ಪ್ರಯೋಗದಿಂದ ಎಂದು ಒಂದೇ ಪದ ಬರೆದೆ. ಮನೆಗೆ ಹೋದಾಗ ಅಪ್ಪ ಇಷ್ಟು ಹೊತ್ತೇಕೆ ಎಂದು ಕೇಳಿದರು. ಸಾಹೇಬರ ಕಡೆಯವರು ಬಂದಿದ್ದರು ಎಂದೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ, ಕಾಕಾ ಬರುವ ಮುಂಚೆ, ಕಚೇರಿಯ ಪಾನಾ ತೆಗೆದುಕೊಂಡು ಮಾಳಿಗೆ ಹತ್ತಿದೆ. ವಾಲ್ವಿನ ಚಕ್ರವನ್ನು ಹಿಡಿದಿದ್ದ ನಟ್ಟು ಬಿಚ್ಚಿ, ದಂಡ ಕದಲದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಚಕ್ರವನ್ನು ಮೇಲಕ್ಕೆಳೆದು ತೆಗೆದೆ. ಇನ್ನು ಬರಿಗೈಯಲ್ಲಿ ಯಾರೂ ವಾಲ್ವನ್ನು ತಿರುಗಿಸುವಂತಿರಲಿಲ್ಲ. ಅದನ್ನು ಕೈಚೀಲದಲ್ಲಿ ಊಟದ ಡಬ್ಬಿಯ ಕೆಳಗಿಟ್ಟು, ಕೆಳಗಿಳಿದು ಬಂದು ಮಷೀನು ಚಾಲೂ ಮಾಡಿ, ಮಾನ್ವಿಯ ಹಾಳೆಗಳ ಕಟ್ಟು ಬಿಚ್ಚಿದೆ.